ದೊರೆಸಾನಿ ಏನೂ ಮಾಡಲ್ಲ

ನಮ್ಮ ಸೋದರಮಾವ ಸತ್ಯವಂತರು. ಇಡೀ ಮುಳಬಾಗಿಲಿನಲ್ಲಿ ಅವರಷ್ಟು ಸತ್ಯವಂತರು ಇನ್ನೊಬ್ಬರಿರಲಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಬಲ್ಲೆ. ಜೀವಮಾನದಲ್ಲಿ ಅವರು ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ಆ ಒಂದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು!

"ಬನ್ನಿ, ಬನ್ನಿ, ಅದು ಏನೂ ಮಾಡಲ್ಲ!"

ನಾಯಿ ಸಾಕಿದವರೆಲ್ಲ ಈ ಮಾತು ಹೇಳುತ್ತಾರೆ, ಅದರಲ್ಲೇನು ವಿಶೇಷ ಎನ್ನುತ್ತೀರಾ? ನಾಯಿಯಾಗಿದ್ದರೆ ನಾನೇಕೆ ಲೇಖನಿ ಹಿಡಿಯುತ್ತಿದ್ದೆ? ಮಾವ ಸಾಕಿದ್ದು ಆಲ್ಪಾಕವನ್ನು. ಆಲ್ಪಾಕ ಎಂದರೆ ಆಗ ನಮಗೆಲ್ಲ ಕೋಟಿನ ಬಟ್ಟೆ. ವಕೀಲರು, ಗುಮಾಸ್ತರು, ನನ್ನಂಥ ಬಡ ಮೇಷ್ಟ್ರುಗಳು ಎಲ್ಲರೂ ಕರಿ ಆಲ್ಪಾಕ ಕೋಟು ತೊಡುತ್ತಿದ್ದ ಕಾಲ ಅದು. ಆ ಬಟ್ಟೆಗೆ ನಾಲ್ಕು ಕಾಲು, ಮಾರುದ್ದ ಕತ್ತು, ಜೊತೆಗೆ ಮನುಷ್ಯರ ಬಗ್ಗೆ ಸ್ವಂತ ಅಭಿಪ್ರಾಯ ಕೂಡ ಇರುತ್ತದೆಂದು ಯಾರಿಗೆ ಗೊತ್ತಿತ್ತು?

ಮಾವ ಚಿನ್ನದ ಗಣಿಯಲ್ಲಿ ಉಗ್ರಾಣದ ಗುಮಾಸ್ತರು. ಅಲ್ಲಿದ್ದ ಒಬ್ಬ ದೊರೆ ಅದಕ್ಕೂ ಮೊದಲು ಪೆರು ದೇಶದ ಗಣಿಗಳಲ್ಲಿ ದುಡಿದವನು. ಬರುವಾಗ ಈ ಪ್ರಾಣಿಯದೊಂದು ಜೋಡಿಯನ್ನು ಹಡಗಿನಲ್ಲಿ ತಂದಿದ್ದ. ಗಂಡು ಸತ್ತು ಹೆಣ್ಣು ಉಳಿದಿತ್ತು. ಯುದ್ಧ ಶುರುವಾದಾಗ ದೊರೆ ತನ್ನ ದೇಶಕ್ಕೆ ಹೊರಟ, ಬಂಗಲೆಯ ಸಾಮಾನನ್ನೆಲ್ಲ ಕೈಕೆಳಗಿನವರಿಗೆ ಹಂಚಿದ. ಒಬ್ಬರು ಕುರ್ಚಿ ಕೇಳಿದರು, ಒಬ್ಬರು ಗಡಿಯಾರ ಕೇಳಿದರು. ನಮ್ಮ ಮಾವ? ಎಲ್ಲರೂ ಬೇಡವೆಂದದ್ದನ್ನು ಕೈಮುಗಿದು ಕೇಳಿ ಪಡೆದರು. ಅದೇ ತಿಂಗಳು "ಮನುಷ್ಯರ ಸಹವಾಸ ಸಾಕು ಕಣೋ" ಎಂದು ಕೆಲಸಕ್ಕೂ ರಾಜೀನಾಮೆ ಕೊಟ್ಟು, ಪ್ರಾಣಿಯನ್ನು ಎತ್ತಿನ ಗಾಡಿಗೆ ಏರಿಸಿಕೊಂಡು ಊರಿಗೆ ಬಂದರು.

ನಾನಾಗ ಮಾಲೂರಿನಲ್ಲಿ ಮೇಷ್ಟ್ರು. ರಜ ಸಿಕ್ಕಾಗಲೆಲ್ಲ ಮುಳಬಾಗಿಲಿಗೆ ಬರುತ್ತಿದ್ದೆ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿದ್ದವರು ಮಾವ ಮತ್ತು ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮ. ದೊಡ್ಡಮ್ಮ ಹದಿನಾಲ್ಕನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದು, ಹಿತ್ತಲ ಪಾಲಾದವರು. ಬೀದಿಯ ಬಾಗಿಲಿಗೆ ಅವರು ಬಂದದ್ದನ್ನು ನಾನು ಕಂಡದ್ದೇ ಇಲ್ಲ. ಯಾರಾದರೂ ಊರಿಗೆ ಹೊರಟರೆ ಎದುರಾಗಿಬಿಟ್ಟೇನೆಂದು ತಾವಾಗಿಯೇ ಕೊಟ್ಟಿಗೆಯ ಹಿಂದೆ ಸರಿದು ನಿಲ್ಲುತ್ತಿದ್ದರು. ನಮಗೂ ಅದು ಅಭ್ಯಾಸವಾಗಿಬಿಟ್ಟಿತ್ತು.

ಗಾಡಿ ಬಂದು ನಿಂತಾಗ ಅರ್ಧ ಊರು ಸೇರಿತ್ತು. ಗಾಡಿಯಿಂದ ಇಳಿದ ಪ್ರಾಣಿ ಹಣೆಯ ಮೇಲಿನ ಜೂಲಿನ ಕೆಳಗಿಂದ, ಉದ್ದ ರೆಪ್ಪೆ ಬಡಿಯುತ್ತಾ, ಮೂಗನ್ನು ಮೇಲೆತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿತು. ಗಣಿಯ ಕ್ಲಬ್ಬಿನಿಂದ ಹೊರಬರುವ ಬಿಳಿ ಹೆಂಗಸರು ಕೂಲಿಗಳನ್ನು ನೋಡುತ್ತಾರಲ್ಲ, ಅದೇ ನೋಟ! ಅಲ್ಲೇ ಅದಕ್ಕೆ ದೊರೆಸಾನಿ ಎಂದು ಹೆಸರು ಬಿತ್ತು.

ತರಕಾರಿ ತಂದುಕೊಡುವ ಮುನೆಮ್ಮ ಮೊದಲು ಮುಂದೆ ಬಂದಳು. "ಇದೇಮಿ ಸಾಮೀ? ಗೊರ್ರೆನಾ, ಒಂಟೆನಾ?" ಕುರಿಯೋ ಒಂಟೆಯೋ ಎಂದು ಅವಳ ಅನುಮಾನ.

"ಎರಡೂ ಅಲ್ಲ ಮುನೆಮ್ಮ. ಬಾ, ಅದು ಏನೂ ಮಾಡಲ್ಲ!"

"ಏನೋ ಒಂದು. ಅಷ್ಟು ದೂರದಿಂದ ನಮ್ಮೂರ್ಗೆ ಬಂದೈತೆ, ಒಂದು ಬೊಟ್ಟು ಇಟ್ಬುಡ್ತೀನಿ ಇರು" ಎಂದು ಸೊಂಟದ ಸಂಚಿಯಿಂದ ಕುಂಕುಮ ತೆಗೆದಳು. ನಮ್ಮ ಕಡೆ ಹೊಸ ಹಸುವಿಗೆ, ಹೊಸ ಎತ್ತಿಗೆ, ಕಡೆಗೆ ಹೊಸ ರಾಗಿಕಲ್ಲಿಗೂ ಕುಂಕುಮ ಇಟ್ಟು ಕೈಮುಗಿಯದೆ ಯಾರು ಬಿಡುತ್ತಾರೆ? ಮುನೆಮ್ಮನ ಬೆರಳು ಹಣೆಗೆ ತಾಗಿತು. ದೊರೆಸಾನಿಯ ಕಿವಿಗಳು ಹಿಂದಕ್ಕೆ ಮಲಗಿದವು, ಗದ್ದ ಆಕಾಶಕ್ಕೆ ಏರಿತು. ಮರುಗಳಿಗೆ ಮುನೆಮ್ಮನ ಮುಖ, ಕುಪ್ಪಸ, ಬುಟ್ಟಿಯಲ್ಲಿದ್ದ ಬದನೆಕಾಯಿ ಎಲ್ಲವೂ ಹಸಿರು!

"ಪ್ರಯಾಣದ ಆಯಾಸ" ಎಂದರು ಮಾವ.

ಆ ಆಯಾಸ ನಾಲ್ಕು ವರ್ಷವಾದರೂ ಕಳೆಯಲಿಲ್ಲ. ಬಂದವರೆಲ್ಲ ಹಣೆಗೇ ಕೈಹಾಕುವುದು, ದೊರೆಸಾನಿ ಅವರಿಗೆಲ್ಲ ಮೆಲುಕಿನ ಅಭಿಷೇಕ ಮಾಡುವುದು! ವಾಸನೆಯೋ, ಮೂರು ದಿನ ಸೀಗೆಕಾಯಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಉಗುಳಿಯಾದ ಮೇಲೆ ಆ ಪ್ರಾಣಿಗೂ ಅಸಹ್ಯವೇನೋ, ಕೆಳತುಟಿಯನ್ನು ಇಳಿಬಿಟ್ಟುಕೊಂಡು ಬಹಳ ಹೊತ್ತು ಸೊಪ್ಪನ್ನೂ ಮುಟ್ಟುತ್ತಿರಲಿಲ್ಲ. ಮಾವ ಮಾತ್ರ ಪ್ರತಿ ಸಲ ಹೊಸ ಕಾರಣ ಕೊಡುತ್ತಿದ್ದರು. ಬಿಸಿಲು ಹೆಚ್ಚಾಯಿತು. ಬಂದವರ ಮೀಸೆ ಸರಿಯಿರಲಿಲ್ಲ. ಆವೊತ್ತು ಅಮಾವಾಸ್ಯೆ!

ಯಾರಾದರೂ ಜಗಳಕ್ಕೆ ಬಂದರೆ ಮಾವ ಕೋಟಿನ ಜೇಬಿನಿಂದ ದೊರೆಯ ಪತ್ರ ತೆಗೆದು ಓದುತ್ತಿದ್ದರು. ಅದರಲ್ಲಿ ಸ್ಪಷ್ಟವಾಗಿ ಇಂಗ್ಲಿಷಿನಲ್ಲಿತ್ತು: ಇದು ಬಹಳ ಸಾಧು ಪ್ರಾಣಿ. ಕಚ್ಚುವುದಿಲ್ಲ, ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೇ ಇಲ್ಲ. ಮಕ್ಕಳ ಜೊತೆಯಲ್ಲಿಯೂ ನಿರಪಾಯ. ಇಂಗ್ಲಿಷಿನಲ್ಲಿ ಇದ್ದಮೇಲೆ ಮುಗಿಯಿತಲ್ಲ! ಜನ ಮುಖ ಒರೆಸಿಕೊಂಡು, ತಪ್ಪು ತಮ್ಮದೇ ಇರಬೇಕೆಂದು ಮನೆಗೆ ಹೋಗುತ್ತಿದ್ದರು. ನಾನೊಮ್ಮೆ ಹಾಳೆಯನ್ನು ಇಸಿದುಕೊಂಡು ನೋಡಿದೆ.

"ಮಾವ, ಕೊನೇಲಿ 'ಆದರೆ' ಅಂತ ಬರೆದು ನಿಂತುಬಿಟ್ಟಿದೆಯಲ್ಲ?"

"ಇಂಗ್ಲಿಷಿನೋರು ಪತ್ರ ಮುಗಿಸೋದೇ ಹಾಗೆ ಕಣೋ. ಮೇಷ್ಟ್ರಾಗಿ ಅಷ್ಟೂ ಗೊತ್ತಿಲ್ವಾ ನಿಂಗೆ?" ಎಂದು ಹಾಳೆ ಕಸಿದುಕೊಂಡರು.

ದರ್ಜಿ ಸಾಹೇಬರ ಕತೆ ಕೇಳಿ. ಮಾವನ ಕೋಟು ಹೊಲಿದವರು ಅವರೇ. ತಾವು ಇಷ್ಟು ವರ್ಷ ಕತ್ತರಿಸಿದ ಬಟ್ಟೆಯ ಮೂಲಪುರುಷನನ್ನು ನೋಡಲು ಆಸೆಪಟ್ಟು ಒಂದು ಶುಕ್ರವಾರ ನಮಾಜು ಮುಗಿಸಿ ಬಂದರು. "ಯೇ ಕ್ಯಾ ಹೈ ಜೀ, ಬಕರೀ ಕೀ ಊಂಟ್?" ಎಂದು ನಕ್ಕರು. ಮೇಕೆಯೋ ಒಂಟೆಯೋ ಎಂಬ ಅನುಮಾನ ಅವರಿಗೂ ಬಂತು. ಜಾಣರು, ಮುಖದ ಕಡೆಗೆ ಹೋಗಲೇ ಇಲ್ಲ. ಹಿಂದುಗಡೆಯಿಂದ ಬಂದು, ಕತ್ತಿನ ಟೇಪು ತೆಗೆದು, ಉಣ್ಣೆಯ ಉದ್ದ ನೋಡಲು ಬಗ್ಗಿದರು. ದೊರೆಸಾನಿ ಹಿಂಗಾಲು ಝಾಡಿಸಿತು. ಸಾಹೇಬರು ಹಿಪ್ಪನೇರಳೆ ಸೊಪ್ಪಿನ ರಾಶಿಯ ಮೇಲೆ ಕೂತಿದ್ದರು.

"ಏನೂ ಮಾಡಲ್ಲ ಅಂದ್ರಲ್ಲ ಗುಮಾಸ್ತ್ರೇ!"

"ಹೇಳ್ದೆ ಕೇಳ್ದೆ ಹಿಂದಿನಿಂದ ಬಂದು ಅಳತೆ ತಗೋತಾರೇನ್ರೀ ಸಾಹೇಬ್ರೇ? ಹೆಂಗಸು ಅದು!"

ಇನ್ನು ಸಂಕ್ರಾಂತಿ. ಊರ ದನಗಳಿಗೆಲ್ಲ ಸಿಂಗಾರ ಮಾಡಿ ಸಂಜೆ ಕಿಚ್ಚು ಹಾಯಿಸುತ್ತಾರಷ್ಟೆ? ದೊರೆಸಾನಿಯೂ ಹಾಯಬೇಕೆಂದು ಮಾವನ ಹಟ. ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ತಾವೂ ಆಲ್ಪಾಕ ಕೋಟು ತೊಟ್ಟು, ಹಗ್ಗ ಹಿಡಿದು ಓಡಿ ಬಂದರು. ಬೆಂಕಿಗೆ ನಾಲ್ಕು ಹೆಜ್ಜೆ ಇರುವಾಗ ದೊರೆಸಾನಿ ನಾಲ್ಕೂ ಕಾಲು ಮಡಚಿ ನೆಲದ ಮೇಲೆ ಕೂತುಬಿಟ್ಟಿತು. ಹಗ್ಗ ಮಾವನ ಕೈಯಿಂದ ಜಾರಿತು. ಓಡುತ್ತಿದ್ದ ಮಾವ ನಿಲ್ಲುವುದಾದರೂ ಹೇಗೆ? ಆ ವರ್ಷ ಮುಳಬಾಗಿಲಿನಲ್ಲಿ ಕಿಚ್ಚು ಹಾಯ್ದ ಎರಡು ಕಾಲಿನ ಪ್ರಾಣಿ ನಮ್ಮ ಮಾವ ಒಬ್ಬರೇ! ಕೋಟಿನ ಅಂಚು ಸ್ವಲ್ಪ ಸುಟ್ಟಿತ್ತು. ಕುಳಿತಿದ್ದ ದೊರೆಸಾನಿ ಹಾರದ ಹೂವನ್ನು ಒಂದೊಂದಾಗಿ ತಿನ್ನುತ್ತಾ ಎಲ್ಲವನ್ನೂ ನೋಡುತ್ತಿತ್ತು.

ಇಲ್ಲಿಯವರೆಗೂ ಊರು ನಗುತ್ತಿತ್ತು. ಆಮೇಲೆ ಅಮಲ್ದಾರರು ಬಂದರು.

ಹೊಸದಾಗಿ ವರ್ಗವಾಗಿ ಬಂದ ಅಮಲ್ದಾರರು ಕುರುಡುಮಲೆ ಗಣಪತಿಯ ದರ್ಶನ ಮುಗಿಸಿ, ಜರಿಪೇಟ ಸಮೇತ, ಹೆಂಡತಿಯ ಜೊತೆ ದೊರೆಸಾನಿಯನ್ನು ನೋಡಲೆಂದು ನಮ್ಮ ಬಾಗಿಲಲ್ಲಿ ಇಳಿದರು. ಕೈಯಲ್ಲಿ ದೇವರ ಕುಂಕುಮ. ಅದು ಎಲ್ಲಿಗೆ ಹೋಯಿತೆಂದು ನಾನು ಹೇಳಬೇಕೆ? "ಬನ್ನಿ ಸ್ವಾಮಿ, ಅದು ಏನೂ ಮಾಡಲ್ಲ!" ಎಂದರು ಮಾವ. ಜರಿಪೇಟದ ಬಂಗಾರದ ಅಂಚಿನಿಂದ ಹಸಿರು ತೊಟ್ಟಿಕ್ಕತೊಡಗಿತು. ಅಮಲ್ದಾರರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟರು. ಅದೇ ತಪ್ಪಾಯಿತೋ ಏನೋ!

ಸಂಜೆಯೊಳಗೆ ಜವಾನ ಆರ್ಡರು ತಂದ. ಜನರಿಗೆ ಅಪಾಯಕಾರಿಯಾದ ಪ್ರಾಣಿಯನ್ನು ಮೂರು ದಿನದಲ್ಲಿ ಊರಿಂದ ಸಾಗಹಾಕಬೇಕು, ತಪ್ಪಿದರೆ ಗುಂಡಿಕ್ಕಲಾಗುವುದು.

ಒಳ್ಳೆಯದೇ ಆಯಿತು, ಪೀಡೆ ತೊಲಗಿತು ಎಂದುಕೊಂಡೆ ನಾನು. ಈ ಮಾತನ್ನು ಮಾವನಿಗೆ ಹೇಳಲು ಮರುದಿನ ಮಧ್ಯಾಹ್ನ ಹಿತ್ತಲಿಗೆ ಹೋದರೆ, ಅಲ್ಲಿದ್ದವರು ದೊಡ್ಡಮ್ಮ. ಬಾವಿಕಟ್ಟೆಯ ನೆರಳಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಪಕ್ಕದಲ್ಲಿ ಕಾಲು ಮಡಚಿ ದೊರೆಸಾನಿ ಕೂತಿತ್ತು. ದೊಡ್ಡಮ್ಮ ಸಿಪ್ಪೆಯನ್ನು ಪಕ್ಕಕ್ಕೆ ಹಾಕುತ್ತಿದ್ದರು, ಅದು ತಿನ್ನುತ್ತಿತ್ತು. ದೊಡ್ಡಮ್ಮ ಅದನ್ನು ಮುಟ್ಟುತ್ತಿರಲಿಲ್ಲ. ಕುಂಕುಮ ಕೈಯಲ್ಲಿ ಹಿಡಿಯಬಾರದವರು, ಯಾವ ಹಣೆಯ ಕಡೆಗೂ ಅವರ ಕೈ ಹೋದದ್ದೇ ಇಲ್ಲ. ದೊರೆಸಾನಿ ಮೂಗಿನಲ್ಲೇ ಮ್ಮ್ ಮ್ಮ್ ಎಂದು ಸಣ್ಣಗೆ ಗುನುಗುತ್ತಿತ್ತು, ದೊಡ್ಡಮ್ಮ ಅದಕ್ಕೆ ತಾವು ಚಿಕ್ಕವರಿದ್ದಾಗಿನ ಹುಣಿಸೆಮರದ ವಿಷಯ ಹೇಳುತ್ತಿದ್ದರು. ದೊಡ್ಡಮ್ಮ ಒಟ್ಟಿಗೆ ನಾಲ್ಕು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನ್ನನ್ನು ಕಂಡು ಸುಮ್ಮನಾದರು. "ಇದನ್ನ ಕರ್ಕೊಂಡು ಹೋಗ್ತಾರಂತೇನೋ?" ಎಂದರು.

ಮೂರನೇ ದಿನ ಮಾವ ಸುಟ್ಟ ಅಂಚಿನ ಕೋಟು ತೊಟ್ಟು ತಾಲ್ಲೂಕು ಕಚೇರಿಗೆ ಹೊರಟರು. ನಾನೂ ಹೋದೆ. ಇವರು ಅಲ್ಲೂ ದೊರೆಯ ಪತ್ರ ಓದಿ ಇನ್ನಷ್ಟು ಕೆಡಿಸುತ್ತಾರೆಂದು ನನಗೆ ಖಾತ್ರಿಯಿತ್ತು. ಮಾವ ಪತ್ರ ತೆಗೆದರು ನಿಜ. ಆದರೆ ಅದು ಎರಡನೆಯ ಹಾಳೆ. ನಾಲ್ಕು ವರ್ಷದಲ್ಲಿ ಯಾರೂ ನೋಡದ ಹಾಳೆ!

ಅಮಲ್ದಾರರು ಗಟ್ಟಿಯಾಗಿಯೇ ಓದಿದರು. ತಲೆ ಮುಟ್ಟಬಾರದು. ಹಿಂದುಗಡೆ ನಿಲ್ಲಬಾರದು. ಕಿವಿ ಮಲಗಿ ಗದ್ದ ಎದ್ದರೆ ದೂರ ಸರಿಯಬೇಕು. ಕೊನೆಯ ಸಾಲು ಹೀಗಿತ್ತು: ಜೊತೆಯಿಲ್ಲದೆ ಈ ಪ್ರಾಣಿ ಬದುಕುವುದಿಲ್ಲ, ಮುಟ್ಟದೆ ಪಕ್ಕದಲ್ಲಿ ಕೂರುವವರು ನಿಮ್ಮ ಮನೆಯಲ್ಲಿದ್ದರೆ ಮಾತ್ರ ತೆಗೆದುಕೊಂಡು ಹೋಗಿ.

"ಎಲ್ಲಾ ಗೊತ್ತಿದ್ದೂ ಊರಿಗೆಲ್ಲ ಸುಳ್ಳು ಹೇಳಿದ್ರಾ?" ಎಂದರು ಅಮಲ್ದಾರರು.

"ಹೇಳ್ದೆ ಸ್ವಾಮಿ. ನಿಜ ಹೇಳಿದ್ರೆ ಇಟ್ಕೊಳೋಕೆ ಬಿಡ್ತಿದ್ರಾ?" ಎಂದರು ಮಾವ. "ನಮ್ಮಕ್ಕ ಎದುರಿಗೆ ಬಂದ್ರೆ ಜನ ದಾರಿ ಬದಲಾಯಿಸ್ತಾರೆ. ಮೂವತ್ತು ವರ್ಷದಿಂದ ಯಾರೂ ತಾವಾಗಿ ಹೋಗಿ ಅವಳ ಪಕ್ಕ ಕೂತಿಲ್ಲ. ನಾನೂ ಕೂತಿಲ್ಲ. ಅದು ಹೋಗಿ ಕೂರುತ್ತೆ. ಕರ್ಕೊಂಡು ಹೋಗಬೇಡಿ ಸ್ವಾಮಿ."

ನಾನು ತಲೆ ತಗ್ಗಿಸಿದೆ. ಮಾಲೂರಿನಿಂದ ಅಷ್ಟು ಸಲ ಬಂದಿದ್ದೇನೆ, ದೊಡ್ಡಮ್ಮ ಮಾಡಿದ್ದನ್ನು ಉಂಡಿದ್ದೇನೆ. ಒಮ್ಮೆಯಾದರೂ ಹಿತ್ತಲಿಗೆ ಹೋಗಿ ಪಕ್ಕದಲ್ಲಿ ಕೂತಿದ್ದೆನೆ? ದೊರೆಸಾನಿ ಸರಿಯಾದವರ ಮುಖಕ್ಕೇ ಉಗುಳುತ್ತಿತ್ತು, ನನ್ನೊಬ್ಬನನ್ನು ಬಿಟ್ಟಿತ್ತು ಅಷ್ಟೆ.

ಅಮಲ್ದಾರರು ಹಾಳೆಯನ್ನು ಮಡಚಿ ಮಾವನ ಕೈಗೆ ಕೊಟ್ಟರು. ಬಾಗಿಲಿಗೊಂದು ಹಲಗೆ ಹಾಕಬೇಕು, ಇನ್ನು ಸುಳ್ಳು ಹೇಳಕೂಡದು ಎಂದಷ್ಟೇ ಹೇಳಿ ಕಳಿಸಿದರು. ಮಾವ ಅಂದೇ ಹಲಗೆ ಬರೆದರು: "ಈ ಪ್ರಾಣಿ ಉಗುಳುತ್ತದೆ. ಹಣೆ ಮುಟ್ಟಬಾರದು." ಕನ್ನಡದ ಕೆಳಗೆ ತೆಲುಗಿನಲ್ಲೂ ಬರೆದು, ದರ್ಜಿ ಸಾಹೇಬರನ್ನು ಕರೆಸಿ ಉರ್ದುವಿನಲ್ಲೂ ಬರೆಸಿದರು. ಸಾಹೇಬರು ಬಹಳ ಸಂತೋಷದಿಂದ, ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು.

ಮುಂದಿನ ವಾರ ಅಮಲ್ದಾರರ ಹೆಂಡತಿ ಒಬ್ಬರೇ ಬಂದರು. ದೊರೆಸಾನಿ ಅಂಗಳದಲ್ಲಿತ್ತು. ಹಲಗೆ ಓದಿ, ಹಿಂಜರಿದು, ಬಾಗಿಲಲ್ಲೇ ನಿಂತರು. ಮಾವ ಬಾಯಿ ತೆರೆದರು, ಅಭ್ಯಾಸಬಲ! ಅಮಲ್ದಾರರ ಮಾತು ನೆನಪಾಗಿ ಮತ್ತೆ ಮುಚ್ಚಿದರು.

ಆಗ ಒಳಗಿನಿಂದ ದೊಡ್ಡಮ್ಮ ಬಂದರು. ಹಿತ್ತಲಿನಿಂದ ನಡುಮನೆ ದಾಟಿ, ಹಜಾರ ದಾಟಿ, ಇಡೀ ಬೀದಿಗೆ ಕಾಣುವ ಹಾಗೆ ಅಂಗಳಕ್ಕೆ ಬಂದರು. ಸೆರಗು ಸರಿಮಾಡಿಕೊಂಡು ದೊರೆಸಾನಿಯ ಮಗ್ಗುಲಿಗೆ ಕೂತರು. ಹಣೆಯ ತುಂಬ ಕುಂಕುಮವಿದ್ದ ಆ ಹೆಂಗಸನ್ನು ನೋಡಿ, ತಮ್ಮ ಈಚೆಯ ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿದರು.

"ಬಾಮ್ಮ, ನನ್ನ ಪಕ್ಕ ಕೂತ್ಕೋ. ಅದು ಏನೂ ಮಾಡಲ್ಲ."

ಆಕೆ ಬಂದು ಕೂತರು. ದೊರೆಸಾನಿ ಏನೂ ಮಾಡಲಿಲ್ಲ.