ಧೂಳು ಹೊಗದ ಡಬ್ಬಿ

"ಆಪರೇಟಿಂಗ್ ಸಿಸ್ಟಮ್ ಹಾಕೋದು ಅಂಥಾ ಬ್ರಹ್ಮವಿದ್ಯೆ ಏನಲ್ಲ ತಮ್ಮಾ! ಸಿಡಿ ಕೊಡು, ಉಳಿದದ್ದು ನನಗ ಬಿಡು!" ಎಂದು ಬೆಳಿಗ್ಗೆ ಕಂಪ್ಯೂಟರ್ ಅಂಗಡಿಯ ಹಂಪೇಶನ ಮುಂದೆ ಘೋಷಿಸಿದೆ.

"ಹೊಸಾ ಮಷಿನ್ ಐತ್ರಿ ಸಾರ್, ನಾನ ಬಂದು ಹಾಕಿಕೊಡ್ತೀನಿ..."

"ಬ್ಯಾಡ! ರೇಡಿಯೊ ಬಿಚ್ಚಿ ಜೋಡಿಸಿದ ಕೈ ಇದು!"

ಜೋಡಿಸಿದ ಮೇಲೆ ಅದು ಹಾಡಿತೇ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಂಪ್ಯೂಟರ್ ಕೊಂಡದ್ದು ನನ್ನ ಹೆಂಡತಿ ಗಂಗಾಂಬಿಕಾಳಿಗಾಗಿ. ಕೋರ್ಸು ಮುಗಿಸಿದವಳು, ಓಣಿಯ ಹೆಂಗಸರಿಗೆ ಮನೆಯಲ್ಲೇ ಕಲಿಸುವುದಾಗಿ ಸಾರಿಬಿಟ್ಟಿದ್ದಳು. ಅಂದು ಸಂಜೆಯೇ ಮೊದಲ ಪಾಠ!

"ಸಂಜೀಕ ಇದು ಚಾಲೂ ಆಗಲಿಲ್ಲಂದ್ರ ನಾ ಓಣ್ಯಾಗ ಮುಖ ಎತ್ತಿ ಅಡ್ಡಾಡಂಗಿಲ್ಲ, ನೋಡ್ರಿ!" ಎಂದಳು. ನಾನು ಅಭಯಹಸ್ತ ತೋರಿಸಿದೆ.

ಮೊದಲು ಕಂಪ್ಯೂಟರಿನ ಸಿಪಿಯು ಡಬ್ಬಿಯನ್ನು ಪರೀಕ್ಷಿಸಿದೆ. ಹಿಂದೆ, ಪಕ್ಕದಲ್ಲಿ, ಎಲ್ಲೆಲ್ಲೂ ತೂತು! ಹೊಸಪೇಟೆಯಲ್ಲಿ ನಮ್ಮ ಮನೆ ಇರುವುದು ಚೀನಾಕ್ಕೆ ಹೊರಟ ಅದಿರಿನ ಲಾರಿಗಳು ಸಂಡೂರಿನಿಂದ ಹಗಲಿರುಳೂ ಕೆಂಪು ಧೂಳೆಬ್ಬಿಸುತ್ತಾ ಓಡಿಬರುವ ರಸ್ತೆಯಲ್ಲಿ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಕಾವಿಯಾಗಿ, ಸಂಸಾರಸ್ಥನಾದ ನಾನು ಸನ್ಯಾಸಿಯಾಗಿರುತ್ತೇನೆ! ನೀರಿನ ಕೊಡದಿಂದ ಟೀವಿಯವರೆಗೆ ಮುಸುಕಿಲ್ಲದ ವಸ್ತುವೇ ನಮ್ಮಲ್ಲಿಲ್ಲ. ಇಂಥ ಊರಿಗೆ ತೂತಿನ ಡಬ್ಬಿಯೇ? ಮಾಡಿದವರಿಗೆ ಬುದ್ಧಿ ಬೇಡವೇ? ಅಗಲದ ಕಂದು ಟೇಪು ತಂದು ಒಂದೂ ತೂತು ಬಿಡದೆ ಮೆತ್ತಿದೆ. ಇನ್ನು ಇಡೀ ಗುಡ್ಡವೇ ಎದ್ದು ಬಂದರೂ ಒಳಗೆ ಒಂದು ಕಣ ಹೋಗದು!

ಸಿಡಿ ಹಾಕಿದೆ. ಅರ್ಧದವರೆಗೆ ಸೊಗಸಾಗಿ ನಡೆಯಿತು. ಇದ್ದಕ್ಕಿದ್ದಂತೆ ಪರದೆ ನೀಲಿಯಾಗಿ, ಇಂಗ್ಲಿಷಿನಲ್ಲಿ ಏನೋ ಬೈದು ಪ್ರಾಣ ಬಿಟ್ಟಿತು. ಮತ್ತೆ ಶುರು ಮಾಡಿದೆ. ಮತ್ತೆ ನೀಲಿ! ಸಿಡಿಯನ್ನು ಪಂಚೆಯಿಂದ ಒರೆಸಿದೆ. ನೀಲಿ! ದಕ್ಷಿಣಕ್ಕೆ ಮುಖ ಮಾಡಿದ್ದು ತಪ್ಪಿರಬೇಕೆಂದು ಪೂರ್ವಕ್ಕೆ ತಿರುಗಿಸಿದೆ. ಪೂರ್ವಾಭಿಮುಖವಾಗಿ ನೀಲಿ!

ಮರ್ಯಾದೆ ಮಡಚಿಟ್ಟು ಹಂಪೇಶನಿಗೆ ಫೋನ್ ಮಾಡಿದೆ.

"ಒಮ್ಮೆ ರ‍್ಯಾಮ್ ಅಂದ್ರ ಮೆಮೊರಿ ಪಟ್ಟಿ ತೆಗೆದು ಮತ್ತ ಹಾಕ್ರಿ ಸಾರ್" ಎಂದ.

ಟೇಪು ಕಿತ್ತು, ಡಬ್ಬಿ ಬಿಚ್ಚಿ, ರ‍್ಯಾಮ್ ಯಾವುದೆಂದು ಹುಡುಕಿ ಕೂರಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಉಂಡು ಬಂದು, ಡಬ್ಬಿ ತೆರೆದಿರುವಾಗಲೇ ಶುರು ಮಾಡಿದರೆ ಓಡಿತು! ಮುಕ್ಕಾಲು ದಾರಿ ದಾಟಿತು!

"ನೋಡು ಗಂಗಾ, ಎಲ್ಲಾ ರ‍್ಯಾಮಿನ ಆಟ!" ಎಂದು ಬೀಗುತ್ತಾ ಮುಚ್ಚಳ ಹಾಕಿ, ಈ ಸಲ ಎರಡು ಪದರ ಟೇಪು ಸುತ್ತಿದೆ.

ನೀಲಿ!

ನನ್ನ ತಲೆಯೇ ಕೆಟ್ಟಿತು. ತೆರೆದರೆ ಬದುಕುತ್ತದೆ, ಮುಚ್ಚಿದರೆ ಸಾಯುತ್ತದೆ! ಗಂಟೆ ನಾಲ್ಕಾಗಿತ್ತು. ಗಂಗಾಂಬಿಕಾ ಹೊಸ ಸೀರೆ ಉಟ್ಟು ಬಂದು ನಿಂತಳು.

"ಏನಾಗೈತ್ರಿ ಅದಕ್ಕ?"

"ಮುಚ್ಚಳ ಹಾಕಿದ್ರ ಸಾಯ್ತೈತಿ. ನನಗನಸ್ತೈತಿ... ಇದು ಕತ್ತಲಾಗ ಅಂಜತೈತಿ. ಒಳಗೊಂದು ಸಣ್ಣ ದೀಪ ಇಟ್ರ ಹೆಂಗ?"

ಅವಳು ಡಬ್ಬಿಯ ಮೇಲೆ ಕೈಯಿಟ್ಟವಳೇ ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಅಯ್ಯ ಶಿವನ! ರೊಟ್ಟಿ ಹಂಚಾಗೈತಲ್ರಿ ಇದು! ಗಾಳಿ ಆಡೋ ತೂತೆಲ್ಲಾ ಯಾಕ ಮುಚ್ಚೀರಿ?"

"ಧೂಳು ಹೋಗಬಾರದಂತ..."

"ನಿಮ್ಮ ಮೂಗಿನಾಗೂ ಧೂಳು ಹೋಗ್ತೈತಿ. ಟೇಪ್ ಹಚ್ಲೇನು?"

ಹಚ್ಚಿಯೇ ಬಿಟ್ಟಾಳೆಂದು ನಾನು ಸರಿದು ನಿಂತೆ. ಅವಳು ಟೇಪೆಲ್ಲಾ ಕಿತ್ತು, ಡಬ್ಬಿ ಆರಿದ ಮೇಲೆ ತಾನೇ ಸಿಡಿ ಹಾಕಿದಳು. ಹೆಂಗಸರು ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ಪರದೆ ಝಗ್ಗೆಂದು ಬೆಳಗಿತು!

ಸೋತರೂ ಸುಮ್ಮನಿರಲಾಗಲಿಲ್ಲ. "ಈಗ ಧೂಳು ಹೋದ್ರ?" ಎಂದು ಅವಳ ಕಿವಿಯಲ್ಲಿ ಕೇಳಿದೆ.

"ಅದೂ ಖರೇನ" ಎಂದು ನನ್ನ ಕೈಗೆ ಬಕೆಟ್ಟು, ಚೊಂಬು ಕೊಟ್ಟಳು. "ಪಾಠ ಮುಗಿಯೋತನಕ ಮನೀ ಮುಂದ ರಸ್ತೆಗೆ ನೀರು ಹೊಡೀರಿ. ಜಲ್ದಿ!"

ಒಂದು ಲಾರಿ ಹೋದರೆ ನಾಲ್ಕು ಚೊಂಬು. ಮೊಣಕಾಲವರೆಗೆ ಕೆಂಪು ಕೆಸರು. ಅಷ್ಟರಲ್ಲಿ ಎದುರು ಮನೆಯ ಅಂದಾನಪ್ಪ ಸ್ಕೂಟರ್ ನಿಲ್ಲಿಸಿ ಕೇಳಿದರು:

"ಏನ್ರಿ, ಮನ್ಯಾಗ ನೀವ ಖುದ್ದು ಕಂಪ್ಯೂಟರ್ ನಡಸಾಕತ್ತೀರಂತ?"

"ಹೂನ್ರಿ" ಎಂದೆ, ಇನ್ನೊಂದು ಚೊಂಬು ಎರಚುತ್ತಾ. "ಅದ ಕೆಲಸದಾಗ ಅದೀನಿ!"