ಸ್ಟ್ರಾಟಿಸನ ಎಣ್ಣೆಯೂ ಅತ್ತೆಯ ಬೆಕ್ಕಿನ ಕಿವಿಯೂ

"ನಮ್ಮ ಆಲಿವ್ ತೋಟದ ಎಣ್ಣೆಗೆ ಬಗ್ಗದ ಕಾಯಿಲೇನ ದೇವರು ಇನ್ನೂ ಹುಟ್ಟಿಸಿಲ್ಲ!" ಎಂದು ಸ್ಟ್ರಾಟಿಸ್ ಘೋಷಿಸಿದ.

ಈಸ್ಟರ್ ಹಬ್ಬಕ್ಕೆ ನಾಲ್ಕೇ ದಿನ. ಮೂರು ದಿನದಿಂದ ಮನೆಗೆ ಸುಣ್ಣ ಬಳಿದು ಬಳಿದು ಅವನ ತೋಳುಗಳು ಬಿದ್ದುಹೋಗಿದ್ದವು. ಒಂದು ಕಾಫಿ ಕುಡಿದು ಕಾಲು ಚಾಚೋಣ ಎನ್ನುವಷ್ಟರಲ್ಲಿ ಹೆಂಡತಿ ಮಿರ್ಸೀನಿ ಬಿಳಿ ಬೆಕ್ಕನ್ನು ತಂದು ಮಡಿಲಿಗೆ ಹಾಕಿದ್ದಳು. ಬೆಕ್ಕು ಅತ್ತೆಯದು. ಕಣ್ಣಿನ ಆಪರೇಷನ್ನಿಗೆ ಅಥೆನ್ಸಿಗೆ ಹೋಗುವಾಗ ಅಳಿಯನ ಕೈಹಿಡಿದು ಒಪ್ಪಿಸಿದ್ದಳು. ಸಂಜೆ ಹಡಗಿಗೆ ಅವಳು ವಾಪಸ್ಸು. ಬೆಕ್ಕೋ, ಎರಡು ದಿನದಿಂದ ತಲೆ ಓರೆ ಮಾಡಿಕೊಂಡು ಪರಪರ ಕಿವಿ ಕೆರೆಯುತ್ತಿತ್ತು. ಒಳಗೆ ಇಣುಕಿದರೆ ಕಾಫಿ ಗಸಿಯಂಥ ಕಪ್ಪು ಕೊಳೆ!

"ಕುಡಿದಿಟ್ಟ ಕಪ್ಪಿನ ಗಸಿ ನೋಡಿ ಊರಿಗೆಲ್ಲ ಭವಿಷ್ಯ ಹೇಳ್ತೀಯಲ್ಲ, ಇದ್ರಲ್ಲಿ ಏನು ಬರೆದಿದೆ ಹೇಳು," ಎಂದು ಹೆಂಡತಿಯನ್ನು ಕೆಣಕಿದ.

"ಅಮ್ಮ ಬಂದು ನಿನ್ನ ಚರ್ಮ ಸುಲೀತಾಳೆ ಅಂತ! ಇವತ್ತು ಬುಧವಾರ, ಬೆಕ್ಕಿನ ಡಾಕ್ಟರಮ್ಮ ದ್ವೀಪಕ್ಕೆ ಬಂದಿದಾರೆ. ತೋರಿಸ್ಕೊಂಡು ಬಾ ಮಹಾರಾಯ."

"ಡಾಕ್ಟರಂತೆ! ನಮ್ಮಜ್ಜಿ ಏಳು ಮಕ್ಕಳ ಕಿವಿಗೆ ಇದೇ ಎಣ್ಣೆ ಬಿಟ್ಳು. ಒಬ್ರಾದ್ರೂ ಕಿವುಡಾದ್ರಾ?"

"ನಿಮ್ಮಪ್ಪ."

"ಅಪ್ಪಂಗೆ ಕೇಳಿಸ್ತಿತ್ತು ಕಣೇ! ಉತ್ತರ ಕೊಡ್ತಿರಲಿಲ್ಲ, ಅಷ್ಟೇ."

"ಹಾಳಾಗಿ ಹೋಗು, ಎರಡೇ ತೊಟ್ಟು ಹಾಕು."

ಎರಡು ತೊಟ್ಟೇ? ಹಬ್ಬದ ಮುಂಚಿನ ಉಪವಾಸದ ವಾರ, ಮನೆಯವರ ಬಾಯಿಗೆ ಎಣ್ಣೆ ನಿಷಿದ್ಧ. ಡಬ್ಬಿ ತುಂಬಿ ತುಳುಕುತ್ತಿತ್ತು. ಬೆಕ್ಕಿಗೆಂಥ ಉಪವಾಸ! ಸ್ಟ್ರಾಟಿಸ್ ಕಾಫಿ ಕಪ್ಪಿನ ತುಂಬ ತಂದು, ಬೀಗರ ತಟ್ಟೆಗೆ ಬಡಿಸುವ ಧಾರಾಳದಲ್ಲಿ, ಎರಡೂ ಕಿವಿಗೆ ಸುರಿದ.

ಬೆಕ್ಕು ಒಂದು ಗಳಿಗೆ ಯೋಚಿಸಿತು. ಆಮೇಲೆ ತಲೆ ಕೊಡವಿತು.

ಮೂರು ದಿನದ ಸುಣ್ಣದ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಹಳದಿ ಚುಕ್ಕಿಗಳ ರಂಗೋಲಿ! "ಹಿಡಿಯೇ ಅದನ್ನ!" ಎಂದು ಅಬ್ಬರಿಸಿ ಹಾರಿದವನ ಕಾಲು ಸೀದಾ ಸುಣ್ಣದ ಬಕೆಟ್ಟಿಗೆ. ಜಿಡ್ಡುಜಿಡ್ಡು ಬೆಕ್ಕು ಕೈಯಿಂದ ಜಾರಿ, ಭುಜ ಹತ್ತಿ, ಅವನ ಬಲಗಿವಿಯನ್ನು ಮೆಟ್ಟಿಲು ಮಾಡಿಕೊಂಡು ಕಪಾಟಿನ ನೆತ್ತಿಗೆ ನೆಗೆಯಿತು.

ಈ ಗಲಾಟೆಯಲ್ಲಿ ಹಡಗಿನ ಕೂಗು ಯಾರಿಗೂ ಕೇಳಿಸಿರಲಿಲ್ಲ. ಬಾಗಿಲಲ್ಲಿ ಅತ್ತೆ, ಒಂದು ಕಣ್ಣಿಗೆ ಪಟ್ಟಿ.

"ಅಯ್ಯೋ ನನ್ನ ಕಂದಾ! ಏನಾಯ್ತೋ ನಿಂಗೆ!"

ರಕ್ತ ಸೋರುವ ಕಿವಿ ಹಿಡಿದುಕೊಂಡು ಸ್ಟ್ರಾಟಿಸ್ ಎರಡು ಹೆಜ್ಜೆ ಮುಂದೆ ಬಂದ. ಅತ್ತೆ ಅವನನ್ನು ಪಕ್ಕಕ್ಕೆ ತಳ್ಳಿ ಕಪಾಟಿನತ್ತ ಕೈ ಚಾಚಿದಳು.

ಬಂದರಿನ ಬಳಿ ಡಾಕ್ಟರಮ್ಮ ಬಾಗಿಲು ಹಾಕುವಷ್ಟರಲ್ಲಿ ಎಲ್ಲರೂ ಹೋಗಿ ಮುಟ್ಟಿದರು. "ಕಿವಿಯೊಳಗೆ ಸಣ್ಣ ಹುಳ ಸೇರಿದೆ. ಔಷಧಿ ಕೊಡ್ತೀನಿ, ಕಿವಿಗೇನೂ ಮೋಸ ಇಲ್ಲ. ಆದ್ರೆ ಇಷ್ಟೊಂದು ಎಣ್ಣೆ ಸುರಿದ ಪುಣ್ಯಾತ್ಮ ಯಾರು?" ಅತ್ತೆಯ ಬೆರಳು ಆಗಲೇ ಅಳಿಯನ ಕಡೆ ತಿರುಗಿತ್ತು.

ಕಿವಿ ಒರೆಸಿ ಔಷಧಿ ಬಿಡುವವರೆಗೂ ಬೆಕ್ಕು ಸಾಧ್ವಿಯಂತೆ ಕುಳಿತಿತ್ತು. ಆಮೇಲೆ ಸ್ಟ್ರಾಟಿಸನ ಸರದಿ. ಹತ್ತಿ ಇನ್ನೂ ಕಿವಿಗೆ ತಾಗಿರಲಿಲ್ಲ, ಅವನ ಬೊಬ್ಬೆಗೆ ಬಂದರಿನ ಜನ ತಿರುಗಿ ನೋಡಿದರು.

ಬೆಕ್ಕು ಪರಚದಂತೆ ಸುತ್ತಿ ಹಿಡಿಯಲು ಮೇಜಿನ ಮೇಲಿಟ್ಟಿದ್ದ ಟವೆಲನ್ನು ಅತ್ತೆ ಎತ್ತಿಕೊಂಡಳು.

"ತಾಯೀ, ಇದು ಬೆಕ್ಕಿಗಂತೂ ಬೇಕಾಗ್ಲಿಲ್ಲ. ಇವನಿಗೇ ಸುತ್ತಿ ಹಿಡ್ಕೋತೀನಿ, ನೀವು ಒರೆಸಿ!"