ಲಂಡನ್ನಿನ ಮೇಲೆ ಕುಂಬಳಕಾಯಿ

ಮೊನ್ನೆ ಸಂಜೆ ಟೀವಿಯಲ್ಲಿ ವಾರ್ತೆ ಶುರುವಾಗುತ್ತಿದ್ದಂತೆ ನಮ್ಮ ಸೊಸೆ ಅಡುಗೆಮನೆಯಿಂದ ಸೌಟಿನ ಸಮೇತ ಓಡಿಬಂದು ಅದನ್ನು ಆರಿಸಿದಳು. "ಮಗು ಇದೆ ಮಾವ, ಬರೀ ಬೆಂಕಿ, ಹೆಣ" ಅಂದಳು. ಮಗು ಅಲ್ಲಿಯವರೆಗೆ ಬಿಸ್ಕತ್ತಿನಲ್ಲಿ ಮುಳುಗಿತ್ತು. ಈಗ ತಲೆ ಎತ್ತಿ, "ಯಾರ ಹೆಣ ಅಮ್ಮಾ?" ಎಂದು ಕೇಳಿತು. ನನಗೆ ನಗು ತಡೆಯಲಾಗಲಿಲ್ಲ, ಸೊಸೆಗೆ ಸಿಟ್ಟು ಬಂತು. ಆದರೆ ಇಂಥವು ನಡೆಯುತ್ತಲೇ ಇರುತ್ತವೆ. ಯುದ್ಧದ ಕಾಲದಲ್ಲಿ ಮಳವಳ್ಳಿಯಲ್ಲಿ ಮೇಷ್ಟ್ರಾಗಿದ್ದಾಗ ನಾನೇ ಎಷ್ಟು ಕಂಡಿಲ್ಲ!

೧. ಎಷ್ಟು ದೂರ?

ನಾನು ಕೊತ್ತತ್ತಿಯ ಬೇಸಾಯಗಾರರ ಮನೆಯವನು. ನಾಲ್ಕಕ್ಷರ ಇಂಗ್ಲಿಷ್ ಕಲಿತಿದ್ದೆ. ಅದೇ ನನಗೆ ಮುಳುವಾಯಿತು. ಮಳವಳ್ಳಿಯ ವಾಚನಾಲಯದ ಜಗಲಿಗೆ ಒಂದು ರೇಡಿಯೋ ಬಂತು. ಸಂಜೆ ಮೊದಲು ಹಾಡು, ಆಮೇಲೆ ಇಂಗ್ಲಿಷಿನಲ್ಲಿ ವಾರ್ತೆ. ವಾಚನಾಲಯದ ಅಧ್ಯಕ್ಷರು ನನ್ನನ್ನು ಕರೆದು, "ಮೇಷ್ಟ್ರೇ, ರೇಡಿಯೋ ಪಕ್ಕ ನಿಂತ್ಕೊಂಡು ಅವರು ಹೇಳಿದ್ದನ್ನ ಜನಕ್ಕೆ ಕನ್ನಡದಲ್ಲಿ ಹೇಳ್ಬಿಡಿ" ಎಂದರು.

ಮೊದಲ ದಿನ ಉತ್ಸಾಹ ಜಾಸ್ತಿ. ಲಂಡನ್ನಿನ ಮೇಲೆ ಬಾಂಬು ಬಿದ್ದ ಸುದ್ದಿಯನ್ನು ಬಯಲಾಟದ ಭೀಮನ ಹಾಗೆ ಕೈ ಬೀಸಿ, ಕಣ್ಣು ಅರಳಿಸಿ ಹೇಳಿದೆ. ಮನೆಗಳು ಕುಸಿದದ್ದು, ಜನ ಓಡಿದ್ದು, ಒಂದನ್ನೂ ಬಿಡಲಿಲ್ಲ. ಹಾಡು ಕೇಳಲು ಬಂದ ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿದ್ದವು.

ಮಾರನೆಯ ದಿನ ಶಾಲೆ ಅರ್ಧ ಖಾಲಿ. ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಎಳೆದುಕೊಂಡು ಬಂದರು.

"ಮೇಷ್ಟ್ರೇ, ನೆನ್ನೆ ಅದೇನ್ ಏಳುದ್ರಿ ನೀವು? ನಮ್ಮ ಐಕ್ಳು ಸೂರಿನ್ ಕೆಳಗೆ ಮಲಗಾಕಿಲ್ಲ ಅಂತ ಹಟ ಇಡುದ್ವು. ಅಷ್ಟೂ ಜನ ಹುಲ್ಲಿನ ಮೆದೆ ಪಕ್ಕ ಬಿದ್ಕೊಂಡಿದ್ವಿ. ಎಲ್ಲದೆ ಆ ಲಂಡನ್ನು?"

"ಬಹಳ ದೂರ ಅಜ್ಜಿ, ಸಮುದ್ರದ ಆಚೆ."

"ಮಂಡ್ಯಕ್ಕಿಂತ್ಲೂವೆ?"

"ಮಂಡ್ಯ ಬಿಡಿ, ಬೆಂಗಳೂರಿಗಿಂತಲೂ ದೂರ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಅಷ್ಟ್ ದೂರದಾಗೆ ಬಿದ್ದಿದ್ದ ಬಾಂಬ ನೀವ್ಯಾಕಪ್ಪ ಇಲ್ಲಿಗಂಟ ಒತ್ಕೊಂಡ್ ಬಂದ್ರಿ?"

೨. ಹೊಂಗೆಮರ

ಅಜ್ಜಿಯ ದೂರು ಅಧ್ಯಕ್ಷರವರೆಗೂ ಹೋಯಿತು. ಹಾಡು ಮುಗಿದ ಕೂಡಲೇ ಮಕ್ಕಳೆಲ್ಲ ಮನೆಗೆ ಹೋಗಬೇಕು ಎಂದು ಅವರು ಕಟ್ಟುನಿಟ್ಟು ಮಾಡಿದರು.

ಬರೀ ಇಂಗ್ಲಿಷಿನಲ್ಲಿ ಬರುತ್ತಿದ್ದಷ್ಟು ದಿನ ವಾರ್ತೆ ಅಂದರೆ ಮಕ್ಕಳು ಆಕಳಿಸುತ್ತಿದ್ದವು, ಅರ್ಧ ಅಲ್ಲೇ ನಿದ್ದೆ ಹೋಗುತ್ತಿದ್ದವು. ನನ್ನ ಭೀಮನ ವೇಷ ಕಂಡದ್ದು ಒಂದೇ ದಿನ. ಯಾವಾಗ ಕೇಳಬಾರದು ಅಂದರೋ, ಅವತ್ತಿನಿಂದ ಮಕ್ಕಳಿಗೆ ವಾರ್ತೆಯ ಹುಚ್ಚೇ ಹಿಡಿಯಿತು. ಹಾಡು ಮುಗಿದರೆ ಸಾಕು, ಬಹಳ ವಿನಯದಿಂದ ಎದ್ದು ಹೊರಟುಬಿಡುತ್ತಿದ್ದವು. ನಮಗೆಲ್ಲ ಎಷ್ಟು ಸಮಾಧಾನ! ಹೇಳಿದ ಮಾತು ಕೇಳುವ ಎಂಥ ಮಕ್ಕಳು ಎಂದು ಅಧ್ಯಕ್ಷರು ನನ್ನನ್ನೇ ಹೊಗಳಿದರು.

ಒಂದು ಸಂಜೆ ನಾನು ಸ್ವಲ್ಪ ದನಿ ಏರಿಸಿ, "ಅಷ್ಟರಲ್ಲಿ ಆಕಾಶದಿಂದ..." ಎನ್ನುತ್ತಿದ್ದೆ. ಜಗಲಿಯ ಪಕ್ಕದ ಹೊಂಗೆಮರದಿಂದ ಲಟಲಟ ಅಂತ ಸದ್ದಾಗಿ ದೊಡ್ಡದೊಂದು ಕೊಂಬೆ ಧೊಪ್ಪನೆ ಸಭೆಯ ನಡುವೆ ಬಿತ್ತು. ಇಡೀ ಸಭೆ ಅಂಗಾತ, ಬೋರಲು, ಹೇಗೆಂದರೆ ಹಾಗೆ ನೆಲಕ್ಕೆ ಬಿತ್ತು. ನಾನು ರೇಡಿಯೋ ಮೇಜನ್ನು ತಬ್ಬಿಕೊಂಡೆ. ಅಧ್ಯಕ್ಷರು ಬೆಂಚಿನ ಕೆಳಗೆ ಹೋದರು.

ಕಣ್ಣು ಬಿಟ್ಟು ನೋಡಿದರೆ ಕೊಂಬೆಯ ಎಲೆಗಳ ನಡುವೆ ನಮ್ಮ ಶಾಲೆಯ ಹುಡುಗರು ಗೊಂಚಲು ಗೊಂಚಲಾಗಿ ಕೂತಿದ್ದಾರೆ! ಪುಣ್ಯಕ್ಕೆ ಒಬ್ಬನಿಗೂ ಪೆಟ್ಟಾಗಿರಲಿಲ್ಲ. ಮೊಣಕೈ ಒರೆಸಿಕೊಳ್ಳುತ್ತ ಒಬ್ಬ ಎದ್ದು ನಿಂತ. ಬೈಸಿಕೊಳ್ಳಲು ಸಿದ್ಧನಾಗಿದ್ದಾನೆ ಅಂದುಕೊಂಡೆ. ಅವನು ಕೇಳಿದ್ದು ಇಷ್ಟೇ:

"ಆಕಾಸದಿಂದ ಏನ್ ಬಿತ್ತು ಸಾ?"

೩. ನನ್ನ ಹಲ್ಲುನೋವು

ರೇಡಿಯೋ ನೋಡಿಕೊಳ್ಳುತ್ತಿದ್ದವರು ಮದ್ದೂರಿನಿಂದ ಬಂದು ನೆಲೆಸಿದ್ದ ಒಬ್ಬ ಸಾಹೇಬರು. ಹೊಲಿಗೆ ಮಿಷನ್ನು, ಸೈಕಲ್ಲು, ಪಂಪು, ಏನು ಕೆಟ್ಟರೂ ಅವರೇ. ಅವರಿಗೂ ಮನೆ ತುಂಬ ಮಕ್ಕಳು. ಮರದ ಪ್ರಸಂಗ ಆದ ಮೇಲೆ ನನ್ನ ಹತ್ತಿರ ಬಂದು, "ಮೇಷ್ಟ್ರೇ, ಮಕ್ಕಳನ್ನ ಕಳಿಸೋಕೆ ನಮ್ಮಿಂದ ಆಗೋದಿಲ್ಲ. ಸುದ್ದೀನೇ ಕಳಿಸಿಬಿಡೋಣ" ಅಂದರು.

"ಹೇಗೆ ಸಾಹೇಬ್ರೇ?"

"ಕೆಟ್ಟದ್ದು ಬಂದಾಗ ನಾನು ತಿರುಪು ತಿರುಗಿಸಿಬಿಡ್ತೀನಿ. ಬರೀ ಕುಯ್ಯೋ ಅನ್ನುತ್ತೆ. ಕೆಟ್ಟದ್ದು ಹೋದಮೇಲೆ ವಾಪಸ್ ತಿರುಗಿಸ್ತೀನಿ."

ಉಪಾಯವೇನೋ ಚೆನ್ನಾಗಿತ್ತು. ಆದರೆ ಸಾಹೇಬರಿಗೆ ಇಂಗ್ಲಿಷ್ ಬಾರದು. "ಕೆಟ್ಟದ್ದು ಬಂತು ಅಂತ ನಿಮಗೆ ಗೊತ್ತಾಗೋದು ಹೇಗೆ?" ಎಂದೆ. "ನಿಮ್ಮ ಮುಖ ಇದೆಯಲ್ಲ!" ಎಂದರು.

ನಿಜಕ್ಕೂ ಅದು ನಡೆಯಿತು. ವಾರ್ತೆ ಕೇಳುತ್ತ ನನ್ನ ಹುಬ್ಬು ಗಂಟಾದರೆ ಕುಯ್ಯೋ. ಹುಬ್ಬು ಸಡಿಲವಾದರೆ ಮತ್ತೆ ಮಾತು. ಮಕ್ಕಳು ಮಳೆ, ಬೆಳೆ, ಸಭೆ, ಸನ್ಮಾನ ಇಷ್ಟನ್ನೇ ಕೇಳಿಕೊಂಡು ಬೇಸರಪಟ್ಟು ತಾವಾಗಿಯೇ ಮನೆಗೆ ಹೋಗತೊಡಗಿದವು.

ಹೀಗಿರುವಾಗ ಒಂದು ದಿನ ನನಗೆ ದವಡೆ ಹಲ್ಲಿನ ನೋವು ಬಂತು. ಸಹಿಸಿಕೊಂಡು ಹೋಗಿ ನಿಂತೆ. ವಾರ್ತೆ ಶುರುವಾಯಿತು, ಹಲ್ಲು ಜುಮ್ಮೆಂದಿತು, ಮುಖ ಕಿವುಚಿಕೊಂಡಿತು. ಕುಯ್ಯೋ! ಸಾಹೇಬರು ತಿರುಪು ಹಿಂದಕ್ಕೆ ತಂದರು. ಮತ್ತೆ ಜುಮ್ಮೆಂದಿತು. ಕುಯ್ಯೋ! ಕೊನೆಗೆ ನಾನು ಕೆನ್ನೆ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡೆ. ಸಾಹೇಬರು ನನ್ನನ್ನು ನೋಡಿ ತಾವೂ ಕಣ್ಣು ಒರೆಸಿಕೊಂಡು ರೇಡಿಯೋವನ್ನೇ ಆರಿಸಿಬಿಟ್ಟರು.

ಸಭೆಯೆಲ್ಲ ಎದ್ದು ನಿಂತಿತು. ಅಧ್ಯಕ್ಷರು ನಡುಗುವ ದನಿಯಲ್ಲಿ, "ಮೇಷ್ಟ್ರೇ, ಯಾವ ದೇಶ ಹೋಯ್ತು?" ಎಂದರು.

ಬಾಯಿ ತೆರೆಯಲಾಗದೆ ನಾನು ಕೈಸನ್ನೆಯಲ್ಲಿ, ಇದು ಇಲ್ಲೇ, ಒಳಗೇ, ಎಂದು ದವಡೆ ತೋರಿಸಿದೆ.

"ಅಯ್ಯೋ ದೇವರೇ, ಒಳಕ್ಕೇ ಬಂದ್ಬುಟ್ರಾ!" ಎಂದು ಯಾರೋ ಕೂಗಿದರು. ಒಂದು ಗಳಿಗೆಯಲ್ಲಿ ಜಗಲಿ ಖಾಲಿ.

೪. ಊರಿಗೆ ಹೋಗುವುದು

ಮುಖದ ಲೆಕ್ಕ ನಂಬುವಂತಿಲ್ಲ ಎಂದಾಯಿತು. ಮಕ್ಕಳು ಮತ್ತೆ ಬಂದು ಕೂರತೊಡಗಿದವು. ಆಗ ಹಿರಿಯರೆಲ್ಲ ಸೇರಿ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡರು. ಬಾಂಬಿಗೆ ಕುಂಬಳಕಾಯಿ ಅನ್ನಬೇಕು. ಸತ್ತರು ಅನ್ನುವ ಕಡೆ ಊರಿಗೆ ಹೋದರು ಅನ್ನಬೇಕು. ದೊಡ್ಡವರಿಗೆ ತಿಳಿಯುತ್ತದೆ, ಮಕ್ಕಳಿಗೆ ತಿಳಿಯುವುದಿಲ್ಲ.

"ಲಂಡನ್ನಿನ ಮೇಲೆ ನೆನ್ನೆ ಬಹಳ ಕುಂಬಳಕಾಯಿ ಬಿದ್ದವು. ಕೆಲವರು ಊರಿಗೆ ಹೋದರು" ಎಂದು ನಾನು ಹೇಳುವುದು, ಗಡ್ಡದ ಹಿರಿಯರು "ಪಾಪ, ಪಾಪ" ಎಂದು ತಲೆ ಆಡಿಸುವುದು. ಮಕ್ಕಳು ಕಣ್ಣು ಪಿಳಿಪಿಳಿ ಬಿಡುತ್ತ ಒಂದು ಸಲ ನನ್ನನ್ನು, ಒಂದು ಸಲ ಹಿರಿಯರನ್ನು ನೋಡುವುದು. ಹೀಗೆ ಒಂದು ವಾರ ಸುಖವಾಗಿ ಕಳೆಯಿತು.

ಸಂತೆಯ ದಿನ ಒಬ್ಬ ರೈತ ಗಾಡಿ ತುಂಬ ಕುಂಬಳಕಾಯಿ ಹೇರಿಕೊಂಡು ನಮ್ಮ ಶಾಲೆಯ ಮುಂದೆ ಬಂದ. ಅವನನ್ನು ಕಂಡದ್ದೇ ತಡ, ಬಯಲಿನಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಕಿರುಚುತ್ತ ಚರಂಡಿಗೆ ಹಾರಿ ಕಿವಿ ಮುಚ್ಚಿಕೊಂಡು ಮಲಗಿದವು. ರೈತ ಗಾಬರಿಯಾಗಿ ತಾನೂ ಇಳಿದು ಗಾಡಿಯ ಕೆಳಗೆ ಕೂತ. ಆಮೇಲೆ ನನ್ನನ್ನು ಕೇಳಿದ: "ಏನ್ ಬತ್ತಾ ಅದೆ ಸ್ವಾಮಿ?"

ಇದಕ್ಕಿಂತ ಹೆಚ್ಚಿನದು ಬಸ್ ಸ್ಟ್ಯಾಂಡಿನಲ್ಲಿ ಆಯಿತು. ನನ್ನನ್ನು ಮೊದಲು ಬೈದಿದ್ದ ಆ ಅಜ್ಜಿ ಹಲಗೂರಿನಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ಬಸ್ಸು ಹತ್ತುತ್ತ ಮೊಮ್ಮಗನಿಗೆ, "ಊರ್ಗೋಗ್ ಬತ್ತೀನಿ ಕಣ್ ಮಗಾ" ಅಂದರು. ಹುಡುಗ ಅಜ್ಜಿಯ ಸೀರೆ ಹಿಡಿದು ಎದೆ ಬಿರಿಯುವಂತೆ ಅಳತೊಡಗಿದ. "ಬ್ಯಾಡ ಕಣಜ್ಜಿ, ಊರ್ಗೋಗ್ ಬ್ಯಾಡ! ಊರ್ಗೋದೋರು ಯಾರೂ ತಿರುಗಿ ಬಂದಿಲ್ಲ!" ಜನ ಸೇರಿದರು. ಡ್ರೈವರು ಇಂಜಿನ್ನು ಆರಿಸಿದ. ಹುಡುಗ ಬಿಕ್ಕುತ್ತ ಬಿಕ್ಕುತ್ತ ನಮ್ಮ ಗುಟ್ಟಿನ ಒಪ್ಪಂದವನ್ನೆಲ್ಲ ಬಸ್ಸಿನ ಜನಕ್ಕೆ ಬಿಡಿಸಿ ಹೇಳಿದ. ಕೇಳಿದ ಮೇಲೆ ಹಲಗೂರಿಗೆ ಹೊರಟಿದ್ದ ಉಳಿದವರೂ ಒಬ್ಬೊಬ್ಬರಾಗಿ ಇಳಿದುಬಿಟ್ಟರು.

ಅಜ್ಜಿ ಮೊಮ್ಮಗನನ್ನು ಸೊಂಟಕ್ಕೆ ಎತ್ತಿಕೊಂಡು ನೇರ ಶಾಲೆಗೆ ಬಂದರು. ಅಷ್ಟು ದೊಡ್ಡ ಹುಡುಗನನ್ನು ಎತ್ತಿಕೊಂಡು ಏದುಸಿರು ಬಿಡುತ್ತಿದ್ದರು. ನನಗೆ ಹೆದರಿಕೆಯೂ ಆಯಿತು, ಆ ಹುಡುಗನ ಊದಿದ ಕಣ್ಣು ನೋಡಿ ಸಂಕಟವೂ ಆಯಿತು.

"ಮೇಷ್ಟ್ರೇ," ಅಂದರು ಅಜ್ಜಿ, "ನಾನು ಅಲಗೂರ್ಗೆ ಓಗ್ಬೇಕು. ಊರ್ಗೋಗದೆ ಅಲ್ಲಿಗೆ ಓಗೋದ್ ಎಂಗೆ ಅಂತ ವಸಿ ಏಳ್ಕೊಡಿ."

೫. ಬರ್ಮಾದ ಹವೆ

ಅಂದಿನಿಂದ ಗುಟ್ಟಿನ ಮಾತುಗಳನ್ನು ಬಿಟ್ಟೆವು. ಇದ್ದದ್ದನ್ನು ಮೆತ್ತಗೆ, ಚುಟುಕಾಗಿ ಹೇಳುವುದೆಂದು ತೀರ್ಮಾನವಾಯಿತು. ಆದರೆ ಒಂದು ವಿಷಯದಲ್ಲಿ ಮಾತ್ರ ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ.

ನಮ್ಮ ಶಾಲೆಯಲ್ಲಿ ಒಬ್ಬಳು ಪುಟ್ಟ ಹುಡುಗಿ ಇದ್ದಳು. ಅವಳಪ್ಪ ಮಿಲಿಟರಿ ಲಾರಿ ಓಡಿಸಲು ಸೇರಿ ಬರ್ಮಾ ಕಡೆಗೆ ಹೋಗಿದ್ದ. ಅವಳು ದಿನಾ ಸಂಜೆ ಬಂದು ಮುಂದೆ ಕೂರುವಳು. ಕೇಳಿದ್ದನ್ನು ಮನೆಗೆ ಹೋಗಿ ಅವ್ವನಿಗೆ ಒಪ್ಪಿಸುವಳು. ಒಂದು ಸಂಜೆ ಬರ್ಮಾದ ಸುದ್ದಿ ಬಹಳ ಕೆಟ್ಟದಾಗಿತ್ತು. ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಬರ್ಮಾದಲ್ಲಿ... ಬರ್ಮಾದಲ್ಲಿ ಹವೆ ತಂಪಾಗಿದೆ" ಎಂದೆ. "ನಮ್ಮ ಸಿಪಾಯಿಗಳು ಊಟ ಮಾಡಿ ಮಲಗಿದರು."

ಸಾಹೇಬರು ಮುಖ ಆ ಕಡೆ ತಿರುಗಿಸಿಕೊಂಡರು. ಸುಳ್ಳು ಅಂದರೆ ಸಿಡುಕುವ ಅಧ್ಯಕ್ಷರೇ, "ಊಟಕ್ಕೆ ಏನಿತ್ತಂತೆ ಮೇಷ್ಟ್ರೇ?" ಎಂದು ಗಂಭೀರವಾಗಿ ಕೇಳಿದರು. "ಪಾಯಸ" ಎಂದೆ.

ಒಂದು ಸಲ ಶುರುವಾದರೆ ನಿಲ್ಲಿಸುವುದು ಹೇಗೆ? ಅಲ್ಲಿಂದ ಮುಂದೆ ಯುದ್ಧ ಮುಗಿಯುವವರೆಗೂ ಬರ್ಮಾದಲ್ಲಿ ತಂಪು ಹವೆ ಬೀಸುತ್ತಲೇ ಇತ್ತು. ಸಿಪಾಯಿಗಳು ಪಾಯಸ, ಹಪ್ಪಳ, ಕೋಳಿಸಾರು ಉಂಡು ಮಲಗುತ್ತಲೇ ಇದ್ದರು.

ಯುದ್ಧ ಮುಗಿದು, ದೇವರ ದಯೆ, ಆ ಮನುಷ್ಯ ಜೀವಂತ ಮನೆಗೆ ಬಂದ. ಬಂದ ಮಾರನೆಯ ಬೆಳಿಗ್ಗೆಯೇ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಮೈಯಲ್ಲಿ ಮೂಳೆ ಬಿಟ್ಟರೆ ಏನಿಲ್ಲ. ಮುಖ ಬಾಡಿತ್ತು.

"ಮೇಷ್ಟ್ರೇ, ನೀವು ನಮ್ಮನೆಯೋಳ್ಗೆ ಏನ್ ಏಳಿದ್ರಿ? ನಾನು ಒಳಿಕ್ ಕಾಲಿಟ್ಟಿದ್ದೇ ತಡ, 'ದಿನಾ ಪಾಯಸ ಉಂಡೋನು ಇಂಗ್ಯಾಕ್ ಸೊರಗಿದ್ದೀಯ? ಯಾರನ್ನ ನೆನಸ್ಕೊಂಡು ಕೊರಗ್ತಾ ಇದ್ದೆ? ಅಲ್ಲೇನಾರ ಇನ್ನೊಂದ್ ಸಂಸಾರ ಮಾಡ್ಕೊಂಡಿದ್ದಾ?' ಅಂತ ಸುರು ಮಾಡವ್ಳೆ. ಲಾರಿ ಮ್ಯಾಲೆ ಬಾಂಬು ಬಿತ್ತು ಅಂದ್ರೆ ನಂಬಾಕಿಲ್ಲ, ಕಾಡ್ನಾಗೆ ಗೆಣಸು ಕಿತ್ಕೊಂಡ್ ತಿಂದೆ ಅಂದ್ರೆ ನಂಬಾಕಿಲ್ಲ. ಜಪಾನಿನೋರ್ ಕೈಯಿಂದ ತಪ್ಪಿಸ್ಕೊಂಡ್ ಬಂದೆ, ಇವಳ ಕೈಯಿಂದ ಆಗಾಕಿಲ್ಲ. ವಸಿ ಬನ್ನಿ. ಅಲ್ಲಿ ಯುದ್ಧ ನಡೀತಿತ್ತು ಅಂತ ಒಂದ್ ಮಾತ್ ಏಳಿ!"

ಹೋದೆ. ಆ ಹೆಂಗಸು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದರು. ವರ್ಷಗಟ್ಟಲೆ ನುಂಗಿಕೊಂಡಿದ್ದ ವಾರ್ತೆಯನ್ನೆಲ್ಲ ಅವತ್ತು ಒಂದೇ ಉಸಿರಿನಲ್ಲಿ ಹೇಳಿದೆ. ಕೇಳುತ್ತ ಕೇಳುತ್ತ ಅವರ ಭುಜ ಅಲುಗತೊಡಗಿತು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆದರೂ ನನ್ನ ಮೇಲೆ ನಂಬಿಕೆ ಹುಟ್ಟಲಿಲ್ಲ. ಮಗಳನ್ನು ಕರೆದರು.

"ದಿಟವೇನೇ, ಮೇಷ್ಟ್ರು ಏಳ್ತಿರೋದು?"

"ದಿಟ ಕಣವ್ವ," ಅಂದಳು ಹುಡುಗಿ. "ನಂಗೆ ಮೊದ್ಲಿಂದ್ಲೂ ಗೊತ್ತಿತ್ತು. ಬರ್ಮಾ ಅಂದ ತಕ್ಸಣ ಎಲ್ಲಾರೂ ನನ್ನೇ ನೋಡೋರು. ಅವೆ ತಂಪಾಗಿದ್ರೆ ನನ್ ಯಾಕ್ ನೋಡ್ಬೇಕು?"

ನಾನು ತಲೆ ತಗ್ಗಿಸಿದೆ.

"ಗೊತ್ತಿದ್ದೂ ನಂಗ್ಯಾಕ್ ಏಳ್ನಿಲ್ಲ?"

"ಏಳಿದ್ರೆ ನೀನು ಉಣ್ಣೋದ್ ಬುಟ್ಬುಡ್ತಿದ್ದೆ."

ತಾಯಿ ಮಗಳನ್ನು ಬಾಚಿ ತಬ್ಬಿಕೊಂಡರು. ಗಂಡನಿಗೆ ಮೊದಲು ಮುದ್ದೆ ಇಕ್ಕಿದರು, ಅವನು ಎಂದೂ ಉಂಡಿರದಂಥ ದೊಡ್ಡ ಮುದ್ದೆ. ಆಮೇಲೆ ನನ್ನ ಕಡೆ ತಿರುಗಿ, "ಕೂತ್ಕಳಿ ಮೇಷ್ಟ್ರೇ, ಉಣ್ಣದೆ ಓಗಂಗಿಲ್ಲ" ಎಂದರು. ನನಗೆ ಬೇರೆ ಮಡಕೆಯಿಂದ ಸಾರು ಬಿಟ್ಟರು. ಬಣ್ಣ ನೋಡಿದರೆ ಕೆಂಡದ ಹಾಗಿತ್ತು.

"ಖಾರ ಇದೆಯೇನಮ್ಮಾ?" ಎಂದೆ.

"ಚೂರೂ ಇಲ್ಲ. ಪಾಯಸ ಇದ್ದಂಗದೆ, ಉಣ್ಣಿ."

ಒಂದು ತುತ್ತು ನುಂಗಿದೆ. ಕಿವಿಯಲ್ಲಿ ಹೊಗೆ ಎದ್ದಿತು, ಕಣ್ಣು, ಮೂಗು ಎರಡರಲ್ಲೂ ನೀರು ಇಳಿಯಿತು. ಗಂಡ, ಹೆಂಡತಿ, ಮಗಳು ಮೂವರೂ ನನ್ನನ್ನೇ ನೋಡುತ್ತಿದ್ದರು.

"ಎಂಗದೆ ಮೇಷ್ಟ್ರೇ?" ಎಂದು ಕೇಳಿದರು ಆಕೆ.

ಮಗು ಮುಂದಿದೆಯಲ್ಲ. ನಾನು ಬಾಯಿಗೆ ಗಾಳಿ ಎಳೆದುಕೊಳ್ಳುತ್ತ ಹೇಳಿದೆ: "ತಂ... ತಂಪಾಗಿದೆ ತಾಯಿ."